ಎದುರಿಗೇ ಕೇಳಬೇಕು

ಒಂಟೆಗಳೂ ನೆರಳು ಹುಡುಕುವ ಮರುಭೂಮಿಯ ಬಿಸಿಲಿನಲ್ಲಿ, ರಾಕ್ ಸಂಗೀತೋತ್ಸವದ ಜಂಗುಳಿಯ ನಡುವೆ, ನಮ್ಮ ಯಜಮಾನರು ಕರಿ ತೊಗಲಿನ ಜಾಕೆಟ್ ತೊಟ್ಟು ನಿಂತಿದ್ದರು.

"ಬಿಚ್ರೀ ಅದನ್ನ, ಬೆಂದುಹೋಗ್ತೀರಿ," ಎಂದೆ.

"ರಾಕ್ ಕೇಳೋಕೆ ಬಂದು ಬಿಳಿ ಜುಬ್ಬ ಹಾಕ್ಕೊಳ್ಳೋಕಾಗುತ್ತೇನೇ?"

"ಬಳ್ಳಾರಿಯವನ ಹಾಡು ಕೇಳೋಕೆ ಇಲ್ಲೀತನಕ ಬರಬೇಕಿತ್ತಾ? ಬಳ್ಳಾರೀಲಿ ಬಿಸಿಲಿಗೇನು ಬರ ಇತ್ತಾ? ಮನೇಲೇ ಫ್ಯಾನ್ ಕೆಳಗೆ ಕೂತು ರೆಕಾರ್ಡ್ ಹಾಕ್ಕೋಬಹುದಿತ್ತು."

"ರೆಕಾರ್ಡು ತಂಗಳನ್ನ ಕಣೇ. ಬಿಸಿಬಿಸಿಯಾಗಿ ಎದುರಿಗೇ ಕೇಳಬೇಕು."

ಗಾಯಕ ವೇದಿಕೆಗೆ ಬಂದ. ಹಣೆಯ ಮೇಲೆ ಚೇಳಿನ ಹಚ್ಚೆ. ಹೊಗೆ ಎಬ್ಬಿಸಿದರು, ವೇದಿಕೆಯೇ ಮುಚ್ಚಿಹೋಯಿತು, ಹಾಡು ಮಾತ್ರ ಕೇಳಿಸಿತು. ಅಷ್ಟರಲ್ಲಿ ಇವರು ಕುಸಿದುಬಿದ್ದರು. ಅದೊಂದು ಹೊಸ ಕುಣಿತವೆಂದು ಪಕ್ಕದವರಿಬ್ಬರೂ ನೆಲಕ್ಕೆ ಬಿದ್ದು ಹೊರಳಾಡಿದರು.

ಚಿಕಿತ್ಸೆಯ ಡೇರೆಯಲ್ಲಿ ಜಾಕೆಟ್ ಬಿಚ್ಚಿಸಿ, ಕೂಲರ್ ಎದುರು ಮಲಗಿಸಿದರು. ಸ್ವಲ್ಪ ಹೊತ್ತಿಗೆ ಪಕ್ಕದ ಮಂಚಕ್ಕೆ ಇನ್ನೊಬ್ಬನನ್ನು ಹೊತ್ತು ತಂದು, ಮುಖಕ್ಕೆ ಒದ್ದೆ ಟವೆಲ್ ಹಾಕಿ ಹೋದರು.

ಹೊರಗೆ ಹಾಡು ಮೊಳಗುತ್ತಲೇ ಇತ್ತು. ನಮ್ಮವರು ಕಣ್ಣು ಬಿಟ್ಟರು.

"ಕೇಳಿದ್ಯಾ? ಆ ಏದುಸಿರು ಕೇಳು! ಈ ಬಿಸಿಲಲ್ಲಿ ನಿಂತು ಜೀವ ತೇಯ್ತಿದಾನೆ. ನಿನ್ನ ರೆಕಾರ್ಡಲ್ಲಿ ಇದು ಸಿಗುತ್ತಾ?" ಎಂದು ಕಣ್ಣು ಒರೆಸಿಕೊಂಡರು.

ನಮ್ಮ ಕನ್ನಡ ಕೇಳಿ ಪಕ್ಕದ ಮಂಚದವನು ಟವೆಲ್ ಸರಿಸಿ ತಲೆಯೆತ್ತಿದ. ಹಣೆಯ ಮೇಲೆ ಚೇಳಿತ್ತು.

"ಅಮ್ಮಾ," ಎಂದ, "ಹೊರಗಡೆ ಆ ಹಾಡು ನಿಲ್ಲಿಸೋಕೆ ಹೇಳ್ತೀರಾ? ತಲೆ ಸಿಡೀತಾ ಇದೆ."