ಸಿಡಿಯುವುದಕ್ಕೆ ಮುಂಚೆ

ತೆರೆಯ ಮೇಲೆ ಇನ್ನೂ ಏನೂ ಆಗಿರಲಿಲ್ಲ. ಬಾಡಿಗೆ ಹಂತಕರಿಬ್ಬರು ತಮ್ಮ ಧಣಿ ಕಳಿಸಿದ ಕಾರಿನತ್ತ ನಗುತ್ತಾ ನಡೆಯುತ್ತಿದ್ದರು, ಅಷ್ಟೇ. ಆಗಲೇ ಪ್ರಮೋದನ ಎರಡೂ ಅಂಗೈ ಬಂದು ಹೆಂಡತಿ ವೃಂದಾಳ ಕಿವಿ ಮುಚ್ಚಿದವು. ಮರುಕ್ಷಣ ಕಾರು ಸಿಡಿಯಿತು.

ಮದುವೆಯಾದ ಮೊದಲ ದೀಪಾವಳಿಯಿಂದ ಅವನಿಗೆ ಇದು ರೂಢಿ. ಮೈಲಾಪೂರಿನ ಅವರ ಬೀದಿಯಲ್ಲಿ ಯಾರಾದರೂ ಪಟಾಕಿಯ ಬತ್ತಿ ಹಚ್ಚುವುದು ಕಂಡರೆ ಸಾಕು, ಕೈ ತಾನಾಗಿ ಅವಳ ಕಿವಿಗೆ ಹೋಗುತ್ತಿತ್ತು. ಆದರೆ ಇಲ್ಲಿ ಬತ್ತಿ ಹಚ್ಚಿದ್ದು ಯಾರಿಗೂ ಕಂಡಿರಲಿಲ್ಲ.

“ಈ ಸಿನಿಮಾ ನೋಡಿದೀರಾ?” ಎಂದಳು ವೃಂದಾ.

“ಹೂಂ. ಶುಕ್ರವಾರ, ಬೆಳಗಿನ ಶೋ. ಏನೂ ಚೆನ್ನಾಗಿಲ್ಲ. ನೀನು ಆಸೆಪಟ್ಟು ಟಿಕೆಟ್ ತಗೊಂಡಿದ್ದೆ, ಅದಕ್ಕೇ ಹೇಳ್ಲಿಲ್ಲ.”

ಶುಕ್ರವಾರ ಅವನು ಎಂದಿನಂತೆ ಮೊಸರನ್ನದ ಡಬ್ಬಿ ಹಿಡಿದು ಮಣಲಿಯ ಕಾರ್ಖಾನೆಗೆಂದು ಹೊರಟಿದ್ದ. ಸಂಜೆ ಖಾಲಿ ಡಬ್ಬಿಯನ್ನು ತೊಳೆದೇ ತಂದಿದ್ದ.

“ಡ್ಯೂಟಿ ಇತ್ತಲ್ಲ?”

“ಹೋದ ತಿಂಗಳೇ ಕೆಲಸಕ್ಕೆ ಬರೋದು ಬೇಡ ಅಂದ್ಬಿಟ್ರು.”

ಅವನ ಕಣ್ಣು ತೆರೆಯ ಮೇಲೇ ಇತ್ತು. ಅಲ್ಲಿ ಸಾಯದೆ ಉಳಿದ ಹಂತಕನೊಬ್ಬ ಧಣಿಯನ್ನು ಹುಡುಕಿಕೊಂಡು ಹೊರಟಿದ್ದ. ಹಿಂದಿನ ಸಾಲಿನಲ್ಲಿ ಯಾರೋ “ಪೋದುಂಡಾ ಸಾಮಿ” ಎಂದು ತಮಿಳಿನಲ್ಲೇ ಸಾಕಪ್ಪಾ ಅಂದು, ಬೇಸತ್ತು ಎದ್ದು ಹೋದರು.

“ಮಧ್ಯಾಹ್ನ ಎಲ್ಲಿ ಕೂತು ಊಟ ಮಾಡ್ತಿದ್ರಿ?” ವೃಂದಾ ಕೇಳಿದಳು.

“ರೈಲ್ವೆ ಸ್ಟೇಷನ್ ಬೆಂಚಲ್ಲಿ.”

ಅವಳು ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

“ನಾಳೆಯಿಂದ ಡಬ್ಬಿ ಕಟ್ಟಲ್ಲ. ಮನೇಲೇ ಕೂತು ಬಿಸಿಯಾಗಿ ಊಟ ಮಾಡಿ.”