ಕೆಳಗಿನ ಹಾಸಿಗೆ

ನಮ್ಮೂರಲ್ಲಿ ನಿದ್ದೆ ಹತ್ತಿದವರು ಗಾಳಿಯಲ್ಲಿ ಮೇಲೇಳುತ್ತಾರೆ. ಉಸಿರು ಕಟ್ಟಿದರೆ ಬೀಳುತ್ತಾರೆ. ಮಲಗುವ ಮುನ್ನ ಫ್ಯಾನ್ ಆರಿಸುವುದು ಎಲ್ಲ ಮನೆಗಳ ರೂಢಿ.

ಮಂಡಕ್ಕಿ-ಮಿರ್ಚಿ ಅಂಗಡಿಯ ರುದ್ರಮುನಿ ಮೈ ಬಂದ ಮೇಲೆ ನಿದ್ದೆಯಲ್ಲಿ ಉಸಿರು ಕಟ್ಟಿ ಪದೇ ಪದೇ ಬೀಳತೊಡಗಿದ್ದ. ಹೆಂಡತಿ ಶಾಂಭವಿ ನಿದ್ದೆಗೆಟ್ಟು, ಅವನು ತೇಲಿದತ್ತ ಹಾಸಿಗೆ ಸರಿಸುತ್ತ ಕೂರುತ್ತಿದ್ದಳು. ಊಟ ಕಡಿಮೆ ಮಾಡಿ ತೂಕ ಇಳಿಸಿದರೆ ಬೀಳುವುದೂ ಕಡಿಮೆಯಾಗಬಹುದು, ಖಚಿತವಾಗಿ ಹೇಳಲಾರೆ ಎಂದಿದ್ದರು ಡಾಕ್ಟರು. ಯುಗಾದಿಯಿಂದ ಅವನು ತನ್ನಂಗಡಿಯ ಮಿರ್ಚಿಯನ್ನೂ ಮುಟ್ಟಿರಲಿಲ್ಲ.

"ಉಪ್ಪು ನೋಡಾಕಾದ್ರೂ ಒಂದು ತಿನ್ಲೇನೇ?"

"ಅದನ್ನ ಗಿರಾಕಿಗಳು ನೋಡ್ತಾರೆ. ನೀವು ಮಲಗ್ರಿ."

ಆ ಮಧ್ಯಾಹ್ನ ರುದ್ರಮುನಿ ನಿಧಾನವಾಗಿ ಮೇಲೆದ್ದ. ಪಂಚೆಯ ಅಂಚು ಅವಳ ಹಣೆ ಸವರಿತು. ಸ್ವಲ್ಪ ಹೊತ್ತಿಗೆ ಗೊರಕೆ ನಿಂತಿತು. ಶಾಂಭವಿ ಹಾಸಿಗೆ ಬಿಗಿಯಾಗಿ ಹಿಡಿದಳು. ಅವನು ಬೀಳಲಿಲ್ಲ. ಮೆಲುವಾದ ಉಸಿರು ಹೋಗಿ ಬರುತ್ತಲೇ ಇತ್ತು.

ಎಚ್ಚರವಾಗುತ್ತ ಕೆಳಗಿಳಿದ ರುದ್ರಮುನಿಗೆ ಹಾಸಿಗೆಯ ಪಕ್ಕದಲ್ಲಿ ಹೆಂಡತಿ ಕಾಣಲಿಲ್ಲ. ಕರೆಯಲು ಬಾಯಿ ತೆರೆದವನು ಮೇಲೆ ನೋಡಿದ. ತೊಲೆಯ ಹತ್ತಿರ, ಸೆರಗು ಇಳಿಬಿಟ್ಟು, ಶಾಂಭವಿ ತೇಲುತ್ತಿದ್ದಳು. ಅವಳು ಹೀಗೆ ಮಲಗಿದ್ದನ್ನು ಅವನು ನೋಡಿ ವರ್ಷಗಳಾಗಿದ್ದವು.

ಸಂಜೆ ಅಂಗಡಿ ತೆರೆಯುವ ಹೊತ್ತಾಗಿತ್ತು. ಅವನು ಸದ್ದಾಗದಂತೆ ಹಾಸಿಗೆಯನ್ನು ಅವಳ ಕೆಳಕ್ಕೆ ಸರಿಸಿ, ಪಕ್ಕದಲ್ಲೇ ಕುಳಿತ.