ಸೀಳಿದ ಎಸಳು

ಚಹಾ ಕೊಡಲು ಚಂದ್ರಾವತಿ ಬಗ್ಗಿದಾಗ ಅವರ ಕೊರಳ ಪದಕ ವಿಜೇತಾಳ ಕಣ್ಣೆದುರು ತೂಗಿತು. ನೀಲಿ ಗಾಜಿನೊಳಗೆ ಆರೆಸಳಿನ ಹಳದಿ ಹೂ. ಒಂದು ಎಸಳು ಮಾತ್ರ ತುದಿಯಲ್ಲಿ ಸೀಳಿತ್ತು.

ಆ ಸೀಳನ್ನು ಅವಳು ಬೆಳಿಗ್ಗೆಯಷ್ಟೇ ವೈಟ್ಟಿಲದ ಲ್ಯಾಬಿನಲ್ಲಿ, ಉತ್ಖನನದಲ್ಲಿ ಸಿಕ್ಕ ರೋಮನ್ ಬಟ್ಟಲಿನ ಚೂರು ತೊಳೆಯುವಾಗ ನೋಡಿದ್ದಳು. ಅಂದಿನವರು ಬಣ್ಣದ ಗಾಜುಗಳನ್ನು ಕಾಯಿಸಿ ಕೂಡಿಸಿ ಉದ್ದನೆಯ ಕಡ್ಡಿಯಾಗಿ ಎಳೆದು, ಚಿಪ್ಸಿಗೆ ನೇಂದ್ರ ಬಾಳೆಕಾಯಿ ಹೆಚ್ಚುವಂತೆ ಬಿಲ್ಲೆ ಕತ್ತರಿಸಿ, ಅವನ್ನು ಕುಲುಮೆಯಲ್ಲಿ ಬೆಸೆದು ಬಟ್ಟಲು ಮಾಡುತ್ತಿದ್ದರು. ಒಂದು ಕಡ್ಡಿಯ ಬಿಲ್ಲೆಗಳಲ್ಲೆಲ್ಲ ಒಂದೇ ಹೂ, ಒಂದೇ ದೋಷ. ಸಿಕ್ಕಿದ್ದು ಅದೊಂದೇ ಚೂರು ಎಂದು ವರದಿ ಬರೆದವರು ಉತ್ಖನನದ ಮುಖ್ಯಸ್ಥ ಮಹೇಶ್ವರ, ಚಂದ್ರಾವತಿಯ ಗಂಡ.

“ಚಂದ ಉಂಟಲ್ಲ? ಇವರೇ ತಂದುಕೊಟ್ಟದ್ದು,” ಎಂದರು ಚಂದ್ರಾವತಿ.

“ತುಂಬ ಚಂದ ಉಂಟು, ಅಕ್ಕ.” ವಿಜೇತಾಳ ಬೆರಳು ಅವಳಿಗೇ ತಿಳಿಯದೆ ಲೋಟದ ಅಂಚನ್ನು ಒಂದೊಂದಾಗಿ ಆರು ಸಲ ತಟ್ಟಿ ನಿಂತಿತು.

ಎದುರು ಕುಳಿತಿದ್ದ ಮಹೇಶ್ವರ ಆ ಬೆರಳನ್ನೇ ನೋಡುತ್ತಿದ್ದರು. “ನೀನು ಸ್ವಲ್ಪ ಒಳಗೆ ಹೋಗು,” ಎಂದು ಹೆಂಡತಿಯನ್ನು ಕಳಿಸಿ, ಎದ್ದು ಬಾಗಿಲೆಳೆದರು.

“ಬೆಳಿಗ್ಗೆ ತೊಳೆದ ಚೂರಿನ ಫೋಟೋ,” ಎಂದರು ಮೆತ್ತಗೆ, “ಯಾರಿಗಾದರೂ ಕಳಿಸಿದ್ದುಂಟಾ, ವಿಜೇತಾ?”